ಸರಪಳಿಯ ಎರಡು ತುದಿ

ನಿವೃತ್ತಿಗೆ ಇನ್ನೊಂದೇ ತಿಂಗಳು ಉಳಿದಿದ್ದ ಸರ್ವೇಯರ್ ರುದ್ರಗೌಡರಿಗೆ ಅಂದು ತಲೆ ಕೆಟ್ಟು ಹೋಗಿತ್ತು...

ಅದೇ ಎರೆಹೊಲ, ಅದೇ ಅಣ್ಣ-ತಮ್ಮ, ಅದೇ ಬದುವಿನ ಜಗಳ. ಮತ್ತೆ ಅಳತೆಗೆ ಅರ್ಜಿ.

ಕೆಲಸಕ್ಕೆ ಸೇರಿದಾಗ ಅವರ ಹೆಗಲ ಮೇಲೆ ಹೊಲ ಅಳೆಯುವ ಕಬ್ಬಿಣದ ಸರಪಳಿ ಇತ್ತು. ಅದು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸುವ ಟೋಟಲ್ ಸ್ಟೇಷನ್ ಯಂತ್ರ ಬಂತು. ಅದನ್ನು ಕಲಿತು ಉಸಿರು ಬಿಡುವಷ್ಟರಲ್ಲಿ ರೋವರ್... ಕೋಲಿನ ತುದಿಯ ಯಂತ್ರ ಉಪಗ್ರಹವನ್ನು ಕೇಳಿ, ಬೆರಳಗಲ ತಪ್ಪದಂತೆ ಗಡಿ ಹೇಳುತ್ತದೆ.

ಕಣ್ಣು ಮಂಜಾಗುವ ವಯಸ್ಸಿನಲ್ಲಿ ಅದನ್ನೂ ಕಲಿತರು. ಇಷ್ಟಾದರೂ ಜಗಳ ಮುಗಿಯದಿದ್ದರೆ ಈ ಒದ್ದಾಟವೆಲ್ಲ ಯಾಕೆ ಬೇಕಿತ್ತು?

ಅಣ್ಣ ಫಕ್ಕೀರಪ್ಪ ಬೇವಿನ ಮರದ ಕೆಳಗೆ, ತಮ್ಮ ನಿಂಗಪ್ಪ ದೂರದಲ್ಲಿ ಬೈಕಿನ ಮೇಲೆ. ವರ್ಷದಿಂದ ಮಾತಿಲ್ಲ.

ರೋವರ್‌ಗೆ ಯಾರ ಸಹಾಯವೂ ಬೇಡ. ಗೌಡರು ಒಬ್ಬರೇ ಸುತ್ತಿ ಅಳೆದರು.

"ಗಡಿಕಲ್ಲು ಇಲ್ಲೇ ಬರ್ತೈತಿ ನಿಂಗಪ್ಪ. ಹೋದ ಸಲಾನೂ ಇಲ್ಲೇ ಬಂದಿತ್ತು."

"ನಿಮ್ಮ ಮಷೀನ್ ಅಣ್ಣನ ಕಡಿ ಐತ್ರಿ ಸಾಹೇಬ್ರ. ನಾ ಕೋರ್ಟಿಗೆ ಹೋಗಾಂವನ."

ಗೌಡರ ಸಿಟ್ಟು ನೆತ್ತಿಗೇರಿತು. "ಸರಪಳಿ ಇದ್ದಾಗ ಒಬ್ಬರೂ ಹಿಂಗ ಅಂದಿರಲಿಲ್ಲ" ಎಂದು ಗೊಣಗಿದರು.

ಹೌದಲ್ಲ, ಯಾಕೆ ಅಂದಿರಲಿಲ್ಲ?

ಆಗ ಸರಪಳಿಯ ಒಂದು ತುದಿಯನ್ನು ಈ ಹೊಲದವನ ಕೈಗೆ, ಇನ್ನೊಂದನ್ನು ಪಕ್ಕದ ಹೊಲದವನ ಕೈಗೆ ಕೊಡುತ್ತಿದ್ದರು. ಒಬ್ಬ ಸಡಿಲ ಬಿಟ್ಟರೆ ಇನ್ನೊಬ್ಬನ ಕೈಗೆ ಗೊತ್ತಾಗುತ್ತಿತ್ತು. ಕೊನೆಯ ಕಲ್ಲು ಮುಟ್ಟುವಷ್ಟರಲ್ಲಿ "ಜಗ್ಗು", "ಸಾಕು" ಎಂದಾದರೂ ಮಾತಾಡಲೇಬೇಕಿತ್ತು.

ಗೌಡರು ರೋವರ್ ಕೋಲನ್ನು ನೆಲಕ್ಕೂರಿದರು. "ಇಬ್ಬರೂ ಬರ್ರಿ. ನೀವ ಹಿಡೀರಿ. ಇಲ್ಲಿ ಗಾಜಿನ್ಯಾಗ ನೀರಿನ ಗುಳ್ಳಿ ಕಾಣಸ್ತೈತಲ್ಲ, ಕೋಲು ನೆಟ್ಟಗಾಗಿ ಅದು ನಟ್ಟನಡುವ ನಿಲ್ಲೂತನಕ ನಾ ಅಳತಿ ತಗೊಳ್ಳಂಗಿಲ್ಲ."

ಒಂದೇ ಕೋಲಿಗೆ ಎರಡು ಕೈ. ಗುಳ್ಳೆ ನಿಲ್ಲಲೇ ಇಲ್ಲ...

ನಿಂಗಪ್ಪ ಸಿಡುಕಿನಿಂದ ಪಕ್ಕಕ್ಕೆ ನೋಡಿದ. ಅಣ್ಣನ ಕೈ ನಡುಗುತ್ತಿತ್ತು.

"ಯಣ್ಣಾ... ಕೈ ಯಾಕ ಇಷ್ಟ ನಡಗಾಕತ್ತೈತಿ?"

"ಭಾಳ ದಿನಾ ಆತು. ನೀ ಮಾತ ಬಿಟ್ಟಿದ್ದಿ... ಯಾರಿಗೆ ಹೇಳ್ಲಿ?"

ನಿಂಗಪ್ಪನ ಕಣ್ಣು ತುಂಬಿತು. ಅಣ್ಣನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದ. ಗುಳ್ಳೆ ನಡುವೆ ಬಂದು ನಿಂತಿತು.

ಕಲ್ಲು ಬಂದದ್ದು ಮೊದಲಿನ ಜಾಗಕ್ಕೇ. ಈ ಸಲ ನಿಂಗಪ್ಪನೇ ಗುದ್ದಲಿ ಎತ್ತಿಕೊಂಡ.

"ಇಲ್ಲೇ ಹುಗಿಯೋಣ್ರಿ ಸಾಹೇಬ್ರ. ನಾಳೆ ಅಣ್ಣನ್ನ ಗದಗಿನ ದವಾಖಾನಿಗೆ ಕರಕೊಂಡು ಹೋಗಬೇಕು."

ಗೌಡರಿಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು. ಸರಪಳಿಯನ್ನು ಮೂಲೆಗೆ ಹಾಕಿದ ದಿನ ಇಬ್ಬರ ಕೈಗೂ ಕೊಟ್ಟು ಅಳೆಯುವ ರೂಢಿಯನ್ನೂ ಮೂಲೆಗೆ ಹಾಕಿದ್ದೆನಲ್ಲ... ನಿವೃತ್ತಿಯಾಗಿ ಮನೆಗೆ ಹೋಗುವ ಹೊತ್ತಿಗೆ ನೆನಪಾಗಬೇಕೆ?

ಅಳತೆ ಸರಿಯಿದ್ದರಷ್ಟೇ ಸಾಲದು... ಅಳೆಯುವಾಗ ಇಬ್ಬರ ಕೈಯೂ ಇರಬೇಕು.

ನೀವು ಯಾರೊಡನೆ ಮಾತು ಬಿಟ್ಟಿದ್ದೀರೋ ಅವರು ಈಗ ಹೇಗಿದ್ದಾರೆ... ನಿಮಗೆ ಗೊತ್ತಾ?