ಹದಿನೇಳನೆಯ ಸಾಲು

2020ರ ಜುಲೈ 14, ಮಂಗಳವಾರ, ಮಧ್ಯಾಹ್ನ 3 ಗಂಟೆ 52 ನಿಮಿಷ. ಇನ್ನು ಎಂಟು ನಿಮಿಷಕ್ಕೆ ಹೆಂಡತಿ ಆ ಗಂಡಸಿಗೆ ಫೋನ್ ಮಾಡುತ್ತಾಳೆಂದು ಲಿಂಡಿಲೆಗೆ ಗೊತ್ತಿತ್ತು.

ದಕ್ಷಿಣ ಆಫ್ರಿಕಾದ ಮ್ದಾಂಟ್ಸಾನೆಯಲ್ಲಿ ಅದು ಕೊರೆಯುವ ಚಳಿಯ ತಿಂಗಳು. ಲಾಕ್‌ಡೌನಿನಿಂದ ಅವನ ಕಾರ್ಖಾನೆ ಮುಚ್ಚಿತ್ತು. ಹೆಂಡತಿ ವುಯೊಕಾಜಿಗೆ ಮಾತ್ರ ಮನೆಯಲ್ಲೇ ಕೂತು ಮಾಡುವ ಆರೋಗ್ಯ ಸೇವೆಯ ಕೆಲಸ ಸಿಕ್ಕಿತ್ತು. ಸೋಂಕು ತಗುಲಿ ದೂರದ ಹಳ್ಳಿಗಳಲ್ಲಿ ಮಲಗಿದ್ದ ಹದಿನೇಳು ಜನರಿಗೆ ದಿನವೂ ಫೋನ್ ಮಾಡುವುದು, ಬೆರಳಿಗೆ ಸಿಕ್ಕಿಸುವ ಯಂತ್ರ ತೋರಿಸಿದ ಆಮ್ಲಜನಕದ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. 92ಕ್ಕಿಂತ ಇಳಿದರೆ ಆಸ್ಪತ್ರೆ.

ಹದಿನಾರು ಜನರನ್ನು ಅವಳು ಕುರ್ಚಿಯಲ್ಲಿ ಕೂತು, ಕೆಂಪು ಚಹಾ ಹೀರುತ್ತ ಮಾತಾಡಿಸುತ್ತಿದ್ದಳು. ಹೆಸರು ಹಿಡಿದು ಗದರುತ್ತಿದ್ದಳು, ನಗುತ್ತಿದ್ದಳು. ಹದಿನೇಳನೆಯವನ ಸರದಿ ಬಂತೆಂದರೆ ಚಹಾ ಪಕ್ಕಕ್ಕೆ. ತಲೆಗೆ ಒಳ್ಳೆಯ ವಸ್ತ್ರ, ಹೆಗಲಿಗೆ ಶಾಲು, ನೆಲದ ಮೇಲೆ ಚಾಪೆ. ದನಿಯೂ ಇಳಿಯುತ್ತಿತ್ತು. ಒಂಬತ್ತು ದಿನದಿಂದ ಇದೇ.

“ಮುಖ ಕಾಣದ ಫೋನಿಗೆ ಇಷ್ಟೊಂದು ಸಿಂಗಾರ ಯಾಕೆ ಮಹಾರಾಯ್ತಿ?”

“ಚಳಿ.”

“ಉಳಿದ ಹದಿನಾರು ಜನರ ಹತ್ರ ಮಾತಾಡೋವಾಗ ಚಳಿ ಆಗಲ್ವಾ?”

“ಅವರು ಬೇರೆ,” ಎಂದಳು. ಕಣ್ಣೆತ್ತಲಿಲ್ಲ.

ಅವಳು ಶಾಲು ತರಲು ಒಳಗೆ ಹೋದಾಗ ಅವನು ಪುಸ್ತಕ ತೆರೆದ. ಹದಿನಾರು ಹೆಸರು, ವಯಸ್ಸು, ಊರು. ಹದಿನೇಳನೆಯ ಸಾಲಿನಲ್ಲಿ ಹೆಸರಿರಲಿಲ್ಲ. ಬರೀ ಅಂಕಿಗಳು, ನಿನ್ನೆಯದು 92. ಬರೆಯಲೂ ಅಂಜುವಂಥ ಹೆಸರು! ಇವಳನ್ನು ಕಟ್ಟಿಕೊಳ್ಳಲು ಹೆತ್ತವರೊಡನೆ ಜಗಳವಾಡಿ ಬಂದು ಮೂರು ವರ್ಷ. ಅದಕ್ಕೆ ಸಿಕ್ಕ ಫಲ ಇದು.

ನಾಲ್ಕು ಗಂಟೆ. ಅವನು ಬಾಗಿಲ ಹಿಂದೆ ನಿಂತ.

“ರಾತ್ರಿ ನಿದ್ದೆ ಬಂತಾ? ಬೋರಲು ಮಲಗಿ ಅಂದಿದ್ದೆನಲ್ಲ... ಎಷ್ಟಿದೆ? ಅಯ್ಯೋ. ನಾನು ಇನ್ನೆಷ್ಟು ದಿನ ಮುಚ್ಚಿಡ್ಲಿ? ನಮ್ಮ ಮನೆಯವರಿಗೆ ಇವತ್ತು ಹೇಳಿಬಿಡ್ತೀನಿ. ಬೇಡ ಅನ್ನಬೇಡಿ.”

ಅವಳು ಅಳುತ್ತಿದ್ದಳು. ಲಿಂಡಿಲೆ ಒಳನುಗ್ಗಿ ಫೋನ್ ಕಿತ್ತುಕೊಂಡ.

“ಯಾವನೋ ನೀನು? ಇನ್ನೊಬ್ಬರ ಹೆಂಡತೀನ ಅಳಿಸ್ತೀಯಾ? ಗಂಡಸಾದ್ರೆ ಹೆಸರು ಹೇಳು!”

ಆ ಕಡೆ ಕೆಮ್ಮು. ಉಸಿರು ಎಳೆದುಕೊಳ್ಳುವ ಸದ್ದು. ಆಮೇಲೆ, ತಡೆತಡೆದು:

“ನಿನಗೆ ಹೆಸರಿಟ್ಟವನ ಹೆಸರು ಕೇಳ್ತೀಯೇನೋ, ಲಿಂಡಿಲೆ?”

ವುಯೊಕಾಜಿ ಪೆನ್ನು ಮುಂದೆ ಹಿಡಿದಳು. ಸೊಸೆಯಾದವಳು ಆಡಬಾರದ, ಬರೆಯಬಾರದ ಹೆಸರನ್ನು ಮಗ ಹದಿನೇಳನೆಯ ಸಾಲಿನಲ್ಲಿ ಬರೆದ. ಅದರ ಮುಂದೆ ಇವತ್ತಿನ ಅಂಕಿ, 89.