ಬಾಲದ ಐದು ಕೂದಲು

ವಂಶವಾಹಿಯಲ್ಲಿ ಜ್ವರ ತಡೆಯುವ ಗುರುತಿಲ್ಲದ ದನವನ್ನು ಆಗೆಲ್ಲ ಕೊಂದು ಹೂಳುತ್ತಿದ್ದರು. ಕರು ಹುಟ್ಟಿದ ಹನ್ನೊಂದನೆಯ ದಿನ ಅದರ ಬಾಲದ ಐದು ಕೂದಲನ್ನು ಬುಡಸಮೇತ ಕಿತ್ತು ಡೇರಿಗೆ ಕೊಡಬೇಕಿತ್ತು. ದ್ಯಾವೀರಮ್ಮನೂ ಕೊಟ್ಟಿದ್ದಳು. ಆದರೆ ಬಡಕಲು ಕರುವನ್ನು ನಂಬಲಾರದೆ ತಾಯಿ ಕೆಂದಿಯ ಕೂದಲು ಕೊಟ್ಟಿದ್ದಳು. ಕೆಂದಿ ಮೂರು ಸಲದ ಜ್ವರ ಗೆದ್ದ ಹಸು. ಈ ಪರೀಕ್ಷೆಯ ಕಾನೂನಿಗಿಂತ ಮೊದಲೇ ಹುಟ್ಟಿದ್ದರಿಂದ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಈಗ ತಪಾಸಣೆಯ ಬೋರಲಿಂಗ ಕರುವಿನ ಕಿವಿಗೆ ಕೆಂಪು ಓಲೆ ಚುಚ್ಚಿದ. "ಗುರುತಿಲ್ಲ ಕಣಕ್ಕಾ. ಸಂಜಿಕೆ ವ್ಯಾನ್ ಬತ್ತದೆ."

ದ್ಯಾವೀರಮ್ಮನಿಗೆ ಆಗ ಹೊಳೆಯಿತು. ಗುರುತಿಲ್ಲದ್ದು ಕೆಂದಿಗೆ! ಕರುವಿಗೆ ಆ ಗುರುತು ಅಪ್ಪನ ಕಡೆಯಿಂದ ಬಂದಿದ್ದರೂ ಬಂದಿರಬಹುದು.

"ಇನ್ನೊಂದ್ಸಲ ನೋಡಪ್ಪಾ, ನಿನ್ ಕಾಲಿಗ್ ಬೀಳ್ತೀನಿ."

"ನೋಡ್ಬೋದು. ಬ್ಯಾರೆ ಬಂದ್ರೆ, ಮೊದಲ್ನೆ ಕೂದ್ಲು ಯಾವ್ದ್ರದು ಅಂತ ಕೊಟ್ಟಿಗೆ ದನಾನೆಲ್ಲಾ ಪರೀಕ್ಷೆ ಮಾಡ್ತಾರೆ."

ದ್ಯಾವೀರಮ್ಮ ಕೆಂದಿಯತ್ತ ನೋಡಿದಳು. ಮನೆಯ ಒಲೆ ಉರಿಯುತ್ತಿದ್ದುದೇ ಅದರ ಹಾಲಿನಿಂದ.

"ಬ್ಯಾಡ ಬುಡಪ್ಪಾ," ಎಂದಳು.

ಸಂಜೆ ವ್ಯಾನು ಬಂದಾಗ ಎಷ್ಟು ನೂಕಿದರೂ ಕರು ಹತ್ತಲಿಲ್ಲ. ಕೊನೆಗೆ ದ್ಯಾವೀರಮ್ಮನೇ ಕೆಂದಿಯ ಹಾಲಿನಲ್ಲಿ ಬೆರಳದ್ದಿ ಅದರ ಬಾಯಿಗಿಟ್ಟಳು. ಅದು ಬೆರಳು ಚೀಪುತ್ತಾ, ಬಾಲ ಅಲ್ಲಾಡಿಸುತ್ತಾ, ಅವಳ ಹಿಂದೆಯೇ ಹತ್ತಿತು.