ಅಧ್ಯಕ್ಷೆಯ ಅಸೈನ್‌ಮೆಂಟ್

“ಏಳ್ರಿ, ಅದು ನನ್ನ ಕುರ್ಚಿ,” ಎಂದು ಗ್ರಾಮ ಪಂಚಾಯಿತಿ ಅಧ್ಯಕ್ಷೆ ಫಕೀರವ್ವ ತುಂಬಿದ ಸಭೆಯಲ್ಲಿ ಗಂಡನಿಗೆ ಗುಡುಗಿದಳು.

“ಎರಡು ವರ್ಷದಿಂದ ಇದರಾಗ ನಾನ ಕುಂತೀನಿ. ಮಾನವ ಹಕ್ಕು, ಪ್ರಜಾಪ್ರಭುತ್ವ ಅಂತ ಎಂ.ಎ.ಗೆ ಹೆಸರು ಹಚ್ಚಿದ ಕೂಡಲೇ ಕೋಡು ಮೂಡ್ಯಾವೇನು?”

“ಓದಿದ್ದನ್ನ ಹೇಳಾಕತ್ತೀನಿ.”

“ನೀ ಏನ ಓದಿದಿ? ನಿನ್ನ ಅಸೈನ್‌ಮೆಂಟ್ ಸೈತ ಪುಸ್ತಕ ನೋಡಿ ಇದ್ದದ್ದು ಇದ್ದಂಗ ನಾನ ಬರದು ಕೊಟ್ಟೀನಿ. ಇಲ್ಲಿ ಸಹಿ ನಂದು, ಅಲ್ಲಿ ಬರಹಾನೂ ನಂದು.”

ಸದಸ್ಯರು ಮೇಜು ಬಡಿದು ನಕ್ಕರು. ಫಕೀರವ್ವನೂ ನಕ್ಕಳು. ಚೀಲದಿಂದ ಹಾಳೆಗಳ ಕಟ್ಟು ತೆಗೆದು ಅವನ ಮುಂದಿಟ್ಟಳು.

“ಹಂಗಾದ್ರ ಎಲ್ಲಾರಿಗೂ ಓದಿ ತೋರಿಸ್ರಿ. ಕಡೀ ಪುಟ ಸಾಕು.”

ಗಂಡ ಕನ್ನಡಕ ಏರಿಸಿಕೊಂಡ. “ನೋಡ್ರಿ, ಮುತ್ತಿನಂಥ ಅಕ್ಷರ, ಎಲ್ಲಾ ನಂದ,” ಎಂದು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದ. “‘ಹೆಂಡತಿ ಗೆದ್ದ ಕುರ್ಚಿಯಲ್ಲಿ ಗಂಡ ಕೂರುವುದು ಮತ ಹಾಕಿದವರಿಗೆ ಮಾಡುವ ಮೋಸ. ಅಂಥವನನ್ನು ಕೂಡಲೇ ಸಭೆಯಿಂದ...’”

ಅವನು ಕನ್ನಡಕ ತೆಗೆದ.

“ಮುಂದ ಓದ್ರಿ ಕಾಕಾ,” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಅವನು ಹಾಳೆ ಮಡಚಿಟ್ಟು ಎದ್ದು ಹೊರಗೆ ಹೋದ. ಮೇಜಿನ ಕೆಳಗೆ ಬಿಟ್ಟಿದ್ದ ಚಪ್ಪಲಿಗೂ ತಿರುಗಿ ಬರಲಿಲ್ಲ.